ಒಂದು ಇಂಚು ಮಳೆಯ ಚರಿತ್ರೆ

ಮಾರ್ಚ್ ಮೊದಲ ವಾರ ಊರಿಗೆ ಹೋದಾಗ ದೊಡ್ಡಪ್ಪ ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಪಶ್ಚಿಮದ ಗುಡ್ಡಗಳನ್ನೇ ನೋಡುತ್ತ ಕೂತಿದ್ದರು. ಅಂಗಳದ ತುಂಬ ಸ್ಪ್ರಿಂಕ್ಲರ್ ಪೈಪುಗಳು ಬಿದ್ದಿದ್ದವು. ಅವನ್ನು ತೋಟಕ್ಕೆ ಹೊತ್ತು ಜೋಡಿಸಿದರೆ ಎರಡು ದಿನದ ಆಳು, ಡೀಸೆಲ್ಲು, ಜೊತೆಗೆ ಕೆರೆಯಲ್ಲಿ ಉಳಿದಿರುವ ಅಷ್ಟಿಷ್ಟು ನೀರು ಖರ್ಚು. ಜೋಡಿಸಿದ ಮಾರನೆಯ ದಿನವೇ ಮಳೆ ಬಂದರೆ ಎಲ್ಲವೂ ದಂಡ. ಜೋಡಿಸದೆ ಕಾದು, ಮಳೆ ಬಾರದೆ ಹೋದರೆ ಈ ವರ್ಷದ ರೊಬಸ್ಟಾ ಫಸಲಿಗೇ ಪೆಟ್ಟು.

"ಓದಿದೋನು ನೀನು. ಮೊಬೈಲಲ್ಲಿ ಮೂರು ಕಡೆ ನೋಡಿದ್ರೆ ಮೂರು ಥರ ಹೇಳುತ್ತೆ. ಯಾವುದನ್ನ ನಂಬೋದು ಹೇಳು" ಎಂದರು.

ನಾನು ಓದುತ್ತಿರುವುದು ಚರಿತ್ರೆ. ಮಲೆನಾಡಿನ ಕಾಫಿ ತೋಟಗಳ ಹಳೆಯ ದಾಖಲೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಾಳೆಯ ಮಳೆಯ ಬಗ್ಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಆದರೆ ಆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಬೆಟ್ಟದ ಸೀಮೆಯಲ್ಲಿ ಬೇಸಿಗೆಯ ಬಾಗಿಲಿನಲ್ಲಿ ಬೀಳುವ ಈ ಚಂಚಲ ಮಳೆಯನ್ನು ಮೊದಲೇ ಹೇಳಬೇಕೆಂದು ಯಾರಿಗೆ, ಯಾವಾಗ ಅನ್ನಿಸಿತು? ಮುಂಗಾರಿನ ಭವಿಷ್ಯ ಹೇಳಲು ಸರ್ಕಾರಗಳು ನೂರೈವತ್ತು ವರ್ಷಗಳಿಂದ ತಲೆಕೆಡಿಸಿಕೊಂಡಿವೆ. ಹೂಮಳೆಯ ಪ್ರಶ್ನೆ ಮಾತ್ರ ಬಹುಕಾಲ ತೋಟದ ಬೇಲಿ ದಾಟಲಿಲ್ಲ. ಹೀಗೇಕಾಯಿತು ಎಂಬುದನ್ನು ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಆ ಒಂದು ಮಳೆ ಏಕೆ ಅಷ್ಟು ಮುಖ್ಯ ಎಂಬುದನ್ನು ಹೇಳಬೇಕು. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಎಂದರೆ ಹೊರಗಿನವರಿಗೆ ಮಳೆಯ ಊರುಗಳು. ವರ್ಷಕ್ಕೆ ನೂರು ಇಂಚು ಸುರಿಯುವ ಜಾಗದಲ್ಲಿ ಒಂದು ಇಂಚಿಗೆ ಕಾಯುವುದೇ ಎಂದು ಕೇಳುತ್ತಾರೆ. ಆದರೆ ಕಾಫಿ ಗಿಡದ ಲೆಕ್ಕವೇ ಬೇರೆ. ಚಳಿಗಾಲದ ಒಣಹವೆಯಲ್ಲಿ ಮೊಗ್ಗುಗಳು ಗೆಣ್ಣುಗಳಲ್ಲಿ ಬಲಿತು, ಬೆಳವಣಿಗೆ ನಿಲ್ಲಿಸಿ, ನಿದ್ದೆ ಹೋದಂತೆ ಕೂರುತ್ತವೆ. ಅವನ್ನು ಎಬ್ಬಿಸುವುದು ಒಂದು ಒಳ್ಳೆಯ ಮಳೆ. ಸುಮಾರು ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ಗುಡ್ಡ ಬೆಳ್ಳಗಾಗುತ್ತದೆ, ಗಾಳಿಯಲ್ಲಿ ಮಲ್ಲಿಗೆಯಂಥ ಪರಿಮಳ. ಇದು ಹೂಮಳೆ. ತೋಟದವರು 'ಬ್ಲಾಸಂ' ಎಂದೇ ಹೇಳುವುದು ಹೆಚ್ಚು. ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಕಚ್ಚಿದ ಕಾಯಿ ನಿಲ್ಲಲು. ಅದನ್ನು 'ಬ್ಯಾಕಿಂಗ್' ಎನ್ನುತ್ತಾರೆ.

ಬರಬೇಕಾದ್ದು ಬಂದರೆ ಸಾಲದು, ಬರಬಾರದ ದಿನ ಬರಲೂ ಬಾರದು. ಹೂ ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಜಾತಿಯಲ್ಲ. ಗಾಳಿಯೋ ಜೇನೋ ಬೇರೆ ಗಿಡದಿಂದ ಪರಾಗ ತರಬೇಕು. ಎಲ್ಲಕ್ಕಿಂತ ಕೆಟ್ಟದ್ದು ಅರೆಬರೆ ಮಳೆ. ಇಪ್ಪತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಎದ್ದೂ ಏಳದಂತಾಗಿ, ಅರಳದೆ ಬಾಡುತ್ತದೆ. ಸೆಂಟು ಎಂದರೆ ಇಂಚಿನ ನೂರನೆಯ ಒಂದು ಪಾಲು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ಕಡೆ ತೋಟಗಳಲ್ಲಿ ಈಗಲೂ ಮಳೆ ಇಂಚು, ಸೆಂಟುಗಳಲ್ಲೇ ಬೀಳುತ್ತದೆ.

ಕಾಫಿಗಿಂತ ಮುಂಚೆಯೂ ಈ ಬೆಟ್ಟಗಳಲ್ಲಿ ಮಳೆಯ ಲೆಕ್ಕವಿತ್ತು. ಅದು ನಕ್ಷತ್ರಗಳ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಶುರುವಾಗಿ ಸ್ವಾತಿ, ವಿಶಾಖದವರೆಗೆ ಸಾಗುವ ಪಟ್ಟಿ ಇಂದಿಗೂ ಪಂಚಾಂಗದಲ್ಲಿದೆ, ಹಿರಿಯರ ಬಾಯಲ್ಲಿದೆ. ಭರಣಿ ಬಿದ್ದರೆ ಧರಣಿಗೆಲ್ಲ ಬೆಳೆ ಎನ್ನುವ ಅರ್ಥದ ಗಾದೆ ಗೊತ್ತಿಲ್ಲದ ರೈತ ಕಡಿಮೆ.

ಈ ಪಟ್ಟಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಸೂರ್ಯ ಅಶ್ವಿನಿಗೆ ಬರುವುದು ಏಪ್ರಿಲ್ 14ರ ಸುಮಾರಿಗೆ. ಭರಣಿ ಏಪ್ರಿಲ್ ಕೊನೆಯ ವಾರ. ಕೆಲವರು ಅದಕ್ಕೂ ಹಿಂದಿನ ರೇವತಿಯನ್ನು ಸೇರಿಸಿಕೊಂಡರೂ ಮಾರ್ಚ್ ಕೊನೆಗಿಂತ ಹಿಂದೆ ಹೋಗುವುದಿಲ್ಲ. ಅಂದರೆ ಫೆಬ್ರವರಿ, ಮಾರ್ಚ್ ತಿಂಗಳ ಮಳೆಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ನಮ್ಮ ಪೂರ್ವಿಕರಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಅವರಿಗೆ ಅದರಿಂದ ಆಗಬೇಕಾದ್ದು ಇರಲಿಲ್ಲ. ಉಳುಮೆ, ಅಗೆ ಹಾಕುವುದು, ನಾಟಿ, ತೆನೆ ಕಟ್ಟುವುದು, ಕೊಯ್ಲು, ಈ ಕೆಲಸಗಳ ಸುತ್ತ ಕಟ್ಟಿದ ಪಟ್ಟಿ ಅದು. ಭತ್ತ, ರಾಗಿಗೆ ಬೇಡದ ಮಳೆಗೆ ಗಾದೆಯೂ ಬೇಡವಾಗಿತ್ತು. ಬೆಳೆ ಬದಲಾದಾಗ ಮಳೆಯ ಮೇಲಿನ ಪ್ರಶ್ನೆಯೂ ಬದಲಾಯಿತು.

ಬಾಬಾಬುಡನ್ ಏಳು ಬೀಜ ತಂದ ಐತಿಹ್ಯ ಎಲ್ಲರಿಗೂ ಗೊತ್ತು. ಮನೆಯ ಹಿತ್ತಲಲ್ಲಿ ನಾಲ್ಕಾರು ಗಿಡವಿದ್ದ ಆ ಕಾಲದಲ್ಲಿ ಹೂ ಹೆಚ್ಚು ಕಡಿಮೆಯಾದರೆ ಯಾರೂ ಮುಳುಗುತ್ತಿರಲಿಲ್ಲ. 19ನೇ ಶತಮಾನದಲ್ಲಿ ಕಾಡು ಕಡಿದು, ಸಾಲ ತಂದು, ಗುಡ್ಡಕ್ಕೆ ಗುಡ್ಡವನ್ನೇ ತೋಟ ಮಾಡಿದ ಮೇಲೆ ಮಾತು ಬೇರೆ. ವರ್ಷದ ಆದಾಯವೆಲ್ಲ ಒಂದೆರಡು ಮಳೆಯ ಮೇಲೆ ನಿಂತಿತು. ಅದೇ ಶತಮಾನದಲ್ಲಿ ಸರ್ಕಾರದ ಹವಾಮಾನ ಇಲಾಖೆಯೂ ಹುಟ್ಟಿತು. ಆದರೆ ಅದು ಹುಟ್ಟಿದ್ದು ಬೇರೆ ಸಂಕಟಗಳಿಗೆ. 1864ರಲ್ಲಿ ಕಲ್ಕತ್ತಕ್ಕೆ ಭೀಕರ ಚಂಡಮಾರುತ ಅಪ್ಪಳಿಸಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಇವುಗಳ ಬೆನ್ನಿಗೆ 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ. ಹಡಗು ಮುಳುಗಬಾರದು, ಬರ ಬಂದರೆ ಮೊದಲೇ ತಿಳಿಯಬೇಕು. ಇಲಾಖೆಯ ಮುಂದಿದ್ದ ಪ್ರಶ್ನೆಗಳು ಇವು.

ಸ್ವಾರಸ್ಯವೆಂದರೆ, ಬರದ ಪ್ರಶ್ನೆಗೆ ಉತ್ತರ ಹುಡುಕುತ್ತ ಬ್ಲಾನ್‌ಫರ್ಡ್ ಮೊದಲು ನೋಡಿದ್ದು ಬೆಟ್ಟಗಳನ್ನೇ. ಹಿಮಾಲಯದಲ್ಲಿ ಚಳಿಗಾಲದ ಹಿಮ ಹೆಚ್ಚಾಗಿ ಬಿದ್ದು, ವಸಂತದಲ್ಲಿ ಬೇಗ ಕರಗದೆ ಉಳಿದರೆ ಆ ವರ್ಷ ಬಯಲಿನಲ್ಲಿ ಒಣಗಾಳಿ ಬೀಸಿ ಮುಂಗಾರು ದುರ್ಬಲವಾಗುತ್ತದೆ ಎಂದು ಅವನು 1884ರಲ್ಲಿ ವಾದಿಸಿದ. ಅದನ್ನೇ ಆಧಾರವಾಗಿಟ್ಟುಕೊಂಡು ಕೆಲವು ವರ್ಷ ಪ್ರಯೋಗ ನಡೆಸಿ, 1886ರ ಜೂನ್ 4ರಂದು ಇಲಾಖೆ ಮುಂಗಾರಿನ ಮೊದಲ ವಿಧಿವತ್ತಾದ ಮುನ್ಸೂಚನೆ ಹೊರಡಿಸಿತು. ಮುಂದೆ ಗಿಲ್ಬರ್ಟ್ ವಾಕರ್ ಬಂದು ಲೆಕ್ಕವನ್ನು ಸಮುದ್ರಗಳಾಚೆಗೂ ಒಯ್ದ. ಇಲಾಖೆಯ ಕೇಂದ್ರ ಕಚೇರಿ 1905ರಿಂದ 1928ರವರೆಗೆ ಶಿಮ್ಲಾದಲ್ಲೇ ಇತ್ತು.

ಹೀಗೆ ಬೆಟ್ಟದ ವಸಂತವನ್ನು ಇಲಾಖೆ ಹುಟ್ಟಿದ ಹೊಸತರಲ್ಲೇ ಗಮನವಿಟ್ಟು ಓದಿತು. ಆದರೆ ಓದಿದ್ದು ಬಯಲಿನ ಸಲುವಾಗಿ. ಹಿಮ ಎಷ್ಟು ಬಿದ್ದಿದೆ ಎಂದು ಕೇಳಿದ್ದು ಗಂಗೆಯ ಬಯಲಿನ ಗೋಧಿ, ಭತ್ತ, ಕಂದಾಯದ ಚಿಂತೆಯಿಂದ. ಬೆಟ್ಟದ ಮೇಲೆ ಬದುಕುವವರಿಗೆ ಆ ವಸಂತ ಏನು ಮಾಡುತ್ತದೆ ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ.

ನಮ್ಮ ಪಶ್ಚಿಮ ಘಟ್ಟದಲ್ಲೂ ಕಥೆ ಹೆಚ್ಚು ಬೇರೆಯಲ್ಲ. ಮೈಸೂರು ಸಂಸ್ಥಾನದಲ್ಲಿ ಹವಾಮಾನದ ಕೆಲಸ ಕಟ್ಟಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್. 1893ರ ಅವಲೋಕನಗಳ ವರದಿಯಲ್ಲಿ ನಾಲ್ಕು ಕೇಂದ್ರಗಳಿವೆ: ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ. ನಾಲ್ಕೂ ಘಟ್ಟದ ನೆತ್ತಿಗೆ ಪೂರ್ವದಲ್ಲಿರುವ ಊರುಗಳು. ಕಾಫಿ ಬೆಳೆಯುವ ಇಳಿಜಾರುಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ತೋಟಗಳ ಮಳೆ ಪುಸ್ತಕಗಳು. ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1871ರಲ್ಲೂ 1894ರಲ್ಲೂ ತನ್ನ ಅನುಭವಗಳನ್ನು ಪುಸ್ತಕ ಮಾಡಿದ. ನೆರಳು ಮರಗಳ ಬಗ್ಗೆ ಅವನು ಅಷ್ಟು ಒತ್ತಿ ಬರೆದದ್ದು ಸುಮ್ಮನೆ ಅಲ್ಲ. ಒಣ ತಿಂಗಳುಗಳನ್ನು ದಾಟಿ ಹೂಮಳೆಯವರೆಗೆ ಗಿಡ ಬದುಕಿರಬೇಕಾದರೆ ನೆರಳೇ ಆಸರೆ. ಮಳೆ ಯಾವಾಗ ಬರುತ್ತದೆ ಎಂದು ಹೇಳಲಾಗದವರು, ಅದು ಬರುವ ತನಕ ತಡೆದುಕೊಳ್ಳುವ ದಾರಿ ಹುಡುಕಿದರು. ಜೊತೆಗೆ ಅಳೆಯಲು ಕಲಿತರು. ಐದು ಇಂಚು ಅಗಲದ ಬಾಯಿಯ ಮಳೆಮಾಪಕ, ಒಂದು ಗಾಜಿನ ಅಳತೆ ಲೋಟ, ಒಂದು ಪುಸ್ತಕ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಹೋಗಿ ನೋಡಿ ಬರೆಯುವುದು. ದೊರೆಗಳಿಂದ ತೋಟ ಕೊಂಡ ನಮ್ಮವರಿಗೆ ಈ ಅಭ್ಯಾಸವೂ ತೋಟದ ಜೊತೆಗೇ ಬಂತು. ಆಮೇಲೆ ಐದು ಹತ್ತು ಎಕರೆಯ ಸಣ್ಣ ಬೆಳೆಗಾರರ ಮನೆಗಳಿಗೂ ಹರಡಿತು.

20ನೇ ಶತಮಾನದಲ್ಲಿ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಎಲೆ ತುಕ್ಕು ರೋಗ, ಕಾಂಡಕೊರಕದ ಹಾವಳಿಯಲ್ಲಿ ಅರೇಬಿಕಾ ಸೋತ ಕಡೆ ರೊಬಸ್ಟಾ ಬಂತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅರೇಬಿಕಾ ಏಪ್ರಿಲ್‌ವರೆಗೂ ಒಂದಿಷ್ಟು ತಾಳುತ್ತದೆ. ರೊಬಸ್ಟಾಕ್ಕೆ ಅಷ್ಟು ತಾಳ್ಮೆ ಇಲ್ಲ, ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಮಳೆ ಬೇಕು. ಇಂದು ದೇಶದ ಕಾಫಿಯಲ್ಲಿ ದೊಡ್ಡ ಪಾಲು ರೊಬಸ್ಟಾದ್ದೇ. ಅಂದರೆ ಪಂಚಾಂಗದ ಪಟ್ಟಿ ಶುರುವಾಗುವುದಕ್ಕೆ ಒಂದೂವರೆ ಎರಡು ತಿಂಗಳ ಮೊದಲೇ, ಆಕಾಶ ಅತಿ ಒಣಗಿರುವ ಹೊತ್ತಿನಲ್ಲಿ, ನಾವು ಮಳೆ ಕೇಳತೊಡಗಿದೆವು.

ನಮ್ಮ ಮನೆಯಲ್ಲೂ ಅಜ್ಜನ ಮಳೆ ಪುಸ್ತಕಗಳಿವೆ. ತಗಡಿನ ಟ್ರಂಕಿನಲ್ಲಿ ಹಳೆಯ ಸಂಬಳ ಪುಸ್ತಕಗಳ ಜೊತೆ ಕೂತಿದ್ದ ಅವನ್ನು ನಾನು ಮೊದಲು ತೆಗೆದದ್ದು ಸಂಶೋಧನೆಯ ಆಸೆಯಿಂದ. ಜುಲೈ, ಆಗಸ್ಟ್ ಪುಟಗಳು ಅಂಕಿಗಳಿಂದ ತುಂಬಿ ತುಳುಕುತ್ತಿದ್ದವು. ಫೆಬ್ರವರಿ, ಮಾರ್ಚ್ ಪುಟಗಳಲ್ಲಿ ಬರೀ ಸೊನ್ನೆ. ಸೊನ್ನೆಯ ಕೆಳಗೆ ಸೊನ್ನೆ, ಸಾಲಾಗಿ. ಮೊದಲಿಗೆ ನಾನು ಆ ಪುಟಗಳನ್ನು ಹಾರಿಸಿಬಿಡುತ್ತಿದ್ದೆ. ಒಂದು ದಿನ ನನ್ನ ಮಾರ್ಗದರ್ಶಕರು, "ಖಾಲಿ ಬಿಟ್ಟಿದ್ದಾರೋ, ಸೊನ್ನೆ ಬರೆದಿದ್ದಾರೋ?" ಎಂದು ಕೇಳಿದರು. ಆಗ ಹೊಳೆಯಿತು. ಮಳೆಯಿಲ್ಲವೆಂದು ಗೊತ್ತಿರುವ ದಿನ ಮಾಪಕದ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಆದರೂ ಸೊನ್ನೆ ಬರೆದಿದ್ದಾರೆ ಎಂದರೆ ಯಾರೋ ಆ ಬೆಳಿಗ್ಗೆ ಹೋಗಿ ಮುಚ್ಚಳ ತೆಗೆದು ನೋಡಿದ್ದಾರೆ. ಆ ಸೊನ್ನೆಗಳು ಮಳೆಯ ದಾಖಲೆಯಷ್ಟೇ ಅಲ್ಲ, ಕಾದವರ ದಾಖಲೆ ಕೂಡ.

ಪುಸ್ತಕದಲ್ಲಿ ಇಲ್ಲದ್ದೂ ಬಹಳ ಇದೆ. ಅಜ್ಜ ಎಲ್ಲಿಯೂ 'ನಾಳೆ ಬರಬಹುದು' ಎಂದು ಬರೆದಿಲ್ಲ. ಮಾಪಕ ನೋಡಲು ಎಷ್ಟೋ ದಿನ ಹೋಗುತ್ತಿದ್ದದ್ದು ಲೈನಿನ ಮನೆಯಲ್ಲಿದ್ದ ಆಳು ಎಂದು ದೊಡ್ಡಪ್ಪ ಹೇಳುತ್ತಾರೆ. ಅವನ ಹೆಸರು ಮಳೆ ಪುಸ್ತಕದಲ್ಲಿಲ್ಲ, ಸಂಬಳ ಪುಸ್ತಕದಲ್ಲಿ ಮಾತ್ರ ಇದೆ. ಹೂ ಕೆಟ್ಟ ವರ್ಷ ಕೊಯ್ಲು ಕಡಿಮೆ, ಕೊಯ್ಲಿನ ಕೂಲಿಯೂ ಕಡಿಮೆ. ಆ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಒಂದು ಇಂಚು ಮಳೆಯ ಪೂರ್ತಿ ಬೆಲೆ ಕಾಣುತ್ತದೆ.

ಇಷ್ಟೆಲ್ಲ ವರ್ಷಗಳ ನಂತರವೂ ಈ ಮಳೆಯನ್ನು ಹೇಳುವುದು ಏಕೆ ಕಷ್ಟ? ಮುಂಗಾರು ಒಂದು ಸೇನೆಯ ಹಾಗೆ, ಸಾವಿರಾರು ಮೈಲಿ ಅಗಲಕ್ಕೆ ನಡೆದು ಬರುತ್ತದೆ. ಬೇಸಿಗೆಯ ಮಳೆ ಹಾಗಲ್ಲ. ಒಳನಾಡಿನ ನೆಲ ಕಾಯುತ್ತದೆ. ಎರಡೂ ಕಡಲುಗಳ ಕಡೆಯಿಂದ ಬಂದ ತೇವದ ಗಾಳಿ ಒಣಗಾಳಿಯನ್ನು ಸಂಧಿಸುತ್ತದೆ. ಗುಡ್ಡದ ಮೈಗೆ ತಾಗಿದ ಗಾಳಿ ಮೇಲೇರಿ ಮಧ್ಯಾಹ್ನದ ನಂತರ ಮೋಡ ಕಟ್ಟುತ್ತದೆ. ಆ ಗುಡುಗು ಮೋಡ ಕೆಲವೇ ಕಿಲೋಮೀಟರ್ ಅಗಲ, ಸುಮಾರು ಒಂದು ಗಂಟೆ ಆಯುಸ್ಸು. ಒಂದು ಕಣಿವೆಯಲ್ಲಿ ಆಲಿಕಲ್ಲು ಬಿದ್ದರೆ ಪಕ್ಕದ ಕಣಿವೆಯಲ್ಲಿ ಧೂಳು. 'ರಸ್ತೆಯ ಆ ಕಡೆ ಬಂತು, ಈ ಕಡೆ ಇಲ್ಲ' ಎಂಬುದು ನಮ್ಮೂರಿನ ಮಾರ್ಚ್ ತಿಂಗಳ ನಿತ್ಯದ ಮಾತು.

ರೇಡಿಯೋದ ಮುನ್ಸೂಚನೆಯ ಭಾಷೆ ನೆನಪಿಸಿಕೊಳ್ಳಿ. 'ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ.' ಹವಾಮಾನ ಇಲಾಖೆಯ ವಿಭಾಗಗಳಲ್ಲಿ ಮಲೆನಾಡು ಎಂಬ ಹೆಸರಿಲ್ಲ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು, ಇಷ್ಟೇ. ಕೊಡಗು, ಚಿಕ್ಕಮಗಳೂರುಗಳು ಕೋಲಾರದ ಜೊತೆ ಒಂದೇ ವಿಭಾಗದಲ್ಲಿವೆ. 'ಒಂದೆರಡು ಕಡೆ' ಎಂಬುದೂ ಬಾಯಿಗೆ ಬಂದ ಮಾತಲ್ಲ, ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆ ಎಂಬ ಲೆಕ್ಕ ಅದಕ್ಕಿದೆ. ಮಾತು ಸತ್ಯ. ಆದರೆ ಆ ಕಾಲು ಭಾಗದಲ್ಲಿ ನಮ್ಮ ತೋಟ ಸೇರಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯದ ಸಂಸ್ಥೆ ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಾನೇ ಅಳೆದು ಕಳಿಸುವ ಮಳೆಮಾಪಕಗಳನ್ನು ಕೂರಿಸಿದೆ. ಫೋನ್ ಮಾಡಿ ಮಳೆ ಕೇಳಲು ವರುಣಮಿತ್ರ ಇದೆ. ದೇಶದ ಮಾದರಿಯ ಚೌಕ 12 ಕಿಲೋಮೀಟರ್ ಇದ್ದದ್ದು 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಬಂದ ಮೇಲೆ 6 ಕಿಲೋಮೀಟರಿಗೆ ಇಳಿದಿದೆ. ಆದರೂ ಒಂದು ಚೌಕದೊಳಗೆ ನಮ್ಮ ಊರು, ಪಕ್ಕದ ಊರು, ನಡುವಿನ ಗುಡ್ಡ ಮೂರೂ ಸೇರುತ್ತವೆ. ಅದರ ಮೇಲೆ ಋತುವೇ ಹಳಿ ತಪ್ಪುತ್ತಿದೆ. 2021ರ ಜನವರಿಯಲ್ಲಿ ಕಾಫಿ ಕೊಯ್ಲಿನ ನಡುವೆಯೇ ಮಳೆ ಸುರಿದು, ಕಣದಲ್ಲಿ ಹಣ್ಣು ಕೊಳೆತು, ಗಿಡದಲ್ಲಿ ಅಕಾಲದ ಹೂ ಬಂದದ್ದನ್ನು ಬೆಳೆಗಾರರು ಮರೆತಿಲ್ಲ.

ಈ ಚರಿತ್ರೆ ನನಗೆ ಕಲಿಸಿದ್ದು ಇಷ್ಟು. ಮುನ್ಸೂಚನೆ ಆಕಾಶದಿಂದ ತಾನಾಗಿ ಇಳಿಯುವುದಿಲ್ಲ. ಯಾರ ಪ್ರಶ್ನೆಗೆ ದನಿ ಇರುತ್ತದೋ ಅವರ ಪ್ರಶ್ನೆಗೆ ಮೊದಲು ಉತ್ತರ ಹುಡುಕಲಾಗುತ್ತದೆ. ಪಂಚಾಂಗ ಭತ್ತದ ರೈತನ ಪ್ರಶ್ನೆಗೆ ಉತ್ತರಿಸಿತು, ಇಲಾಖೆ ಹಡಗಿನ ಮತ್ತು ಕಂದಾಯದ ಪ್ರಶ್ನೆಗೆ. ಬೆಟ್ಟದ ಬೇಸಿಗೆ ಮಳೆ ಇವೆರಡರ ನಡುವೆ ಉಳಿದುಹೋಯಿತು. ಉತ್ತರ ಸಿಕ್ಕರೂ ಅದು ಎಲ್ಲರಿಗೂ ಒಂದೇ ರೀತಿ ಒದಗುವುದಿಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ದೊಡ್ಡ ಕೆರೆ, ದೊಡ್ಡ ಪಂಪು ಇರುವ ಎಸ್ಟೇಟಿಗೆ ಮುನ್ಸೂಚನೆ ಎಂದರೆ ಒಂದು ನಿರ್ಧಾರ. ಎರಡು ಎಕರೆಯ, ಹಳ್ಳದ ಕೆಳಗಿನ ತೋಟದವನಿಗೆ, ಮೇಲಿನವರು ಪಂಪು ಹಾಕಿದ ಮೇಲೆ ಹಳ್ಳದಲ್ಲಿ ನೀರೇ ಉಳಿಯದವನಿಗೆ, ಅದು ಬರೀ ಸುದ್ದಿ. ಅವನು ಸುದ್ದಿ ಕೇಳಿ, ಮತ್ತೆ ಆಕಾಶ ನೋಡುತ್ತಾನೆ.

ಅವತ್ತು ಸಂಜೆ ದೊಡ್ಡಪ್ಪನಿಗೆ ನಾನು ಹೇಳಿದ್ದು ಇಷ್ಟೇ: "ಮೂರರಲ್ಲಿ ಯಾವುದೂ ಸುಳ್ಳು ಹೇಳ್ತಾ ಇಲ್ಲ ದೊಡ್ಡಪ್ಪ. ನಮ್ಮ ತೋಟದ ಬಗ್ಗೆ ಯಾವುದೂ ಹೇಳ್ತಾ ಇಲ್ಲ." ಅವರು ನಕ್ಕರು. ರಾತ್ರಿ ಒಂಬತ್ತರ ಹೊತ್ತಿಗೆ ಪಶ್ಚಿಮದಲ್ಲಿ ಮಿಂಚಿತು. ಗುಡುಗು ಕೇಳಿಸಿತು, ತಂಗಾಳಿ ಬೀಸಿತು, ಕರೆಂಟು ಹೋಯಿತು. ಎಲ್ಲರೂ ಜಗಲಿಗೆ ಬಂದು ನಿಂತೆವು. ಒಂದು ಹನಿಯೂ ಬೀಳಲಿಲ್ಲ. ಹತ್ತಕ್ಕೆ ನಕ್ಷತ್ರ ಕಂಡವು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಆಳುಗಳು ಪೈಪು ಹೊರುತ್ತಿದ್ದರು. ದೊಡ್ಡಪ್ಪ ಅಂಗಳದ ಮೂಲೆಯ ಮಾಪಕದ ಮುಚ್ಚಳ ತೆಗೆದು, ಒಳಗೆ ಬಗ್ಗಿ ನೋಡಿ, ಒಳಗೆ ಬಂದು ಪುಸ್ತಕ ತೆರೆದರು. ಅಜ್ಜ ಬರೆಯುತ್ತಿದ್ದ ಹಾಗೆಯೇ, ತಾರೀಖಿನ ಎದುರು ಒಂದು ಸೊನ್ನೆ ಬರೆದರು.